ಟೀಪಾಯಿ, ಕಾಲ್ಮಣೆ ಮತ್ತು ‘ವಿಶಿಷ್ಟ’ ಎಂಬ ಮಾತು

ಸಾಮಾನ್ಯವಾಗಿ ಇಲ್ಲಿ ನಾನು ಬರೆಯುವುದು ಹಳೆಯ ನೆನಪುಗಳನ್ನು. ಈ ಸಲದ್ದು ನೆನಪಿನ ಲೇಖನವಲ್ಲ, ಜಗಳದ ಲೇಖನ. ಜಗಳ ನಿಮ್ಮೊಂದಿಗೆ, ನಿಮ್ಮ ಮನೆಯ ಪಡಸಾಲೆಯೊಂದಿಗೆ, ಸ್ವಲ್ಪಮಟ್ಟಿಗೆ ನನ್ನೊಂದಿಗೂ ಕೂಡ. ಓದಿ ಬೇಸರವಾದರೆ ಮೇಷ್ಟ್ರಿಗೆ ವಯಸ್ಸಾಯಿತು ಎಂದು ಕ್ಷಮಿಸಿಬಿಡಿ.

ನಡೆದದ್ದು ಇಷ್ಟು. ಮೂರೂವರೆ ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತ ನನ್ನ ಕಾಲುಗಳು ಈಗ ಸಾಯಂಕಾಲವಾದೊಡನೆ ಬಾವು ಬರುತ್ತವೆ. ಕಾಲುಗಳನ್ನು ಎತ್ತರದಲ್ಲಿಟ್ಟು ಕುಳಿತುಕೊಳ್ಳಬೇಕೆಂದು ವೈದ್ಯರು ಹೇಳಿದರು. ಇದನ್ನು ಕೇಳಿದ ಬೆಂಗಳೂರಿನ ಮಗ, ಮಲ್ಲಯ್ಯನ ಜಾತ್ರೆಗೆ ಊರಿಗೆ ಬರುವಾಗ ಎರಡು ದೊಡ್ಡ ಪೆಟ್ಟಿಗೆಗಳನ್ನು ತಂದನು. ಒಂದರಲ್ಲಿ ಸೋಫಾದ ಪಕ್ಕದಲ್ಲಿಡುವ ಪುಟ್ಟ ಮೇಜು, ಇನ್ನೊಂದರಲ್ಲಿ ಕಾಲಿಡುವ ಮೆತ್ತನೆಯ ಪೀಠ. ಪೆಟ್ಟಿಗೆಯ ಮೇಲೆ ‘ಯುನೀಕ್ ಡಿಸೈನ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅಪ್ಪನ ಕಾಲುನೋವನ್ನು ನೆನಪಿಟ್ಟು ತಂದ ಮಗನ ಪ್ರೀತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರಿರುವುದು ಆ ಪೆಟ್ಟಿಗೆಯ ಮೇಲಿನ ಮಾತಿನ ಬಗ್ಗೆ.

ಅದೇ ತಿಂಗಳು ನಿಮ್ಮಲ್ಲಿ ಹಲವರು ಹಬ್ಬದ ಚಿತ್ರಗಳನ್ನು ನನ್ನ ಮೊಬೈಲಿಗೆ ಕಳಿಸಿದಿರಿ. ಪುಣೆಯ ಒಂದು ಮನೆಯಲ್ಲಿ ಅದೇ ಮೇಜು. ಹುಬ್ಬಳ್ಳಿಯ ಒಂದು ಮನೆಯಲ್ಲಿ ಅದೇ ಮೇಜು. ಅಮೆರಿಕದಲ್ಲಿರುವ ನಮ್ಮ ಸೋದರಸೊಸೆಯ ಮನೆಯಲ್ಲಿಯೂ ಅದರ ಅಕ್ಕತಂಗಿಯಂತಹ ಮೇಜು! ಕಾಲುಗಳಿಗೆ ಚಿನ್ನದ ಬಣ್ಣ, ಮೇಲೆ ಅಮೃತಶಿಲೆಯಂತೆ ಕಾಣುವ ಕಾಗದದ ಹೊದಿಕೆ. ನಾಲ್ಕು ಊರುಗಳಲ್ಲಿ ಒಂದೇ ಬಗೆಯಾಗಿರುವ ವಸ್ತು ವಿಶಿಷ್ಟ ಹೇಗಾದೀತು? ಗಣಿತದ ಮಾಸ್ತರನಾದ ನನಗೆ ಈ ಲೆಕ್ಕ ಇಂದಿಗೂ ಬಿಡಿಸಲಾಗಿಲ್ಲ.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಮೇಜಿನ ಕಾಲಬುಡ ಉಬ್ಬಿತು. ನೆಲ ಒರೆಸುವ ನೀರು ಅದಕ್ಕೆ ತಾಗಿತ್ತು, ಅಷ್ಟೇ. ಎಂಡಿಎಫ್ ಎಂಬ ಈ ಹಲಗೆ ಮರವಲ್ಲ. ಮರವನ್ನು ನಾರುನಾರಾಗಿ ಅರೆದು, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ರೊಟ್ಟು. ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ತಿರುಪು ಒಮ್ಮೆ ಸಡಿಲವಾದರೆ ಆ ತೂತು ಮತ್ತೆ ಅದನ್ನು ಹಿಡಿಯುವುದಿಲ್ಲ. ನಮ್ಮೂರಿನ ಬಡಿಗೇರನಿಗೆ ತೋರಿಸಿದೆ. ಆತ ಬೆರಳಿನಿಂದ ಒತ್ತಿ ನೋಡಿ, “ಇದಕ್ಕ ಏನೂ ಮಾಡಾಕ ಬರೂದಿಲ್ರಿ ಸರ, ಒಗೀರಿ” ಎಂದನು. ದುರಸ್ತಿಯೇ ಆಗದಂತೆ ಮಾಡಿದ ವಸ್ತುವನ್ನು ನಾವು ಹೊಸಕಾಲದ ವಿನ್ಯಾಸವೆಂದು ಕರೆಯುತ್ತಿದ್ದೇವೆ.

ಇರಲಿ. ಮೊದಲು ಹೆಸರುಗಳನ್ನು ನೋಡೋಣ. ಟೀಪಾಯಿ ಎಂದರೆ ಚಹಾ ಇಡುವ ಮೇಜು ಎಂದು ಬಹಳ ಜನ ತಿಳಿದಿದ್ದಾರೆ. ಮೂಲದಲ್ಲಿ ಅದಕ್ಕೂ ಚಹಾಕ್ಕೂ ಸಂಬಂಧವಿಲ್ಲ. ಅದು ಹಿಂದೂಸ್ತಾನಿಯ ‘ತಿಪಾಈ’, ಅಂದರೆ ಮೂರು ಕಾಲಿನದು. ನಮ್ಮ ಕನ್ನಡದ ಮುಕ್ಕಾಲಿ. ಇಂಗ್ಲಿಷರು ಆ ಮಾತನ್ನು ಕೇಳಿ, ತಮ್ಮ ಚಹಾದ ‘ಟೀ’ ಅದರೊಳಗಿದೆಯೆಂದು ಭಾವಿಸಿ ಕಾಗುಣಿತವನ್ನೇ ಬದಲಾಯಿಸಿದರು. ನಮ್ಮ ಮನೆಯ ಮುಕ್ಕಾಲಿ ಹಡಗು ಹತ್ತಿ ಹೋಗಿ, ಟೋಪಿ ಹಾಕಿಕೊಂಡು ಮರಳಿ ಬಂದಿತು. ನಾವು ಅದನ್ನು ಗುರುತಿಸದೆ, ಯಾರೋ ದೊಡ್ಡ ಸಾಹೇಬರೆಂದು ಎದ್ದು ನಿಂತೆವು.

ಕಾಲಿಡುವ ಮೆತ್ತನೆಯ ಪೀಠಕ್ಕೆ ಅಂಗಡಿಯವರು ‘ಆಟೊಮನ್’ ಎನ್ನುತ್ತಾರೆ. ಅದು ತುರ್ಕರ ಉಸ್ಮಾನಿ ಸಾಮ್ರಾಜ್ಯದ ಹೆಸರು. ಅಲ್ಲಿನವರು ಗೋಡೆಯಂಚಿನ ತಗ್ಗು ಮೆತ್ತೆಗಳ ಮೇಲೆ ಕೂರುವ ರೀತಿಯನ್ನು ಕಂಡ ಯುರೋಪಿನವರು ತಮ್ಮ ಪೀಠಕ್ಕೆ ಆ ಹೆಸರಿಟ್ಟರು. ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫರಿಶ್ತಾ, ಆದಿಲಶಾಹಿಯ ಸ್ಥಾಪಕ ಯೂಸುಫನು ಉಸ್ಮಾನಿ ಸುಲ್ತಾನನ ಮಗನೆಂದೇ ಬರೆದಿದ್ದಾನೆ. ಇತಿಹಾಸಕಾರರಲ್ಲಿ ಹಲವರು ಅದನ್ನು ಒಪ್ಪುವುದಿಲ್ಲ. ನಾನೂ ಅದಕ್ಕಾಗಿ ವಾದಿಸುವುದಿಲ್ಲ. ಆದರೆ ಗಾದಿ, ಲೋಡು, ಜಮಖಾನಗಳ ಮೇಲೆ ಶತಮಾನಗಳ ಕಾಲ ಕುಳಿತ ಈ ಸೀಮೆಯ ಜನರಿಗೆ, ನೆಲಕ್ಕೆ ಹತ್ತಿರ ಕೂರುವ ವಿದ್ಯೆಯನ್ನು ವಿದೇಶದ ಹೆಸರಿಟ್ಟು ಮಾರುತ್ತಿರುವುದನ್ನು ಕಂಡಾಗ ನಗುವೂ ಬರುತ್ತದೆ, ವ್ಯಥೆಯೂ ಆಗುತ್ತದೆ.

ನಮ್ಮ ಮನೆಗಳಲ್ಲಿ ಏನೇನಿದ್ದವು? ಊಟಕ್ಕೆ ಕೂರುವ ಮಣೆ. ತಾಟನ್ನು ಇಡುವ ಅಡ್ಡಣಿಗೆ. ದೇವರ ಮುಂದಿನ, ಹಬ್ಬದ ದಿನಗಳ ಚೌರಂಗ. ಕಾಯಿಪಲ್ಯ ಹೆಚ್ಚುವ ಈಳಿಗೆ ಮಣೆ. ಬೇಸಗೆಯಲ್ಲಿ ಶ್ಯಾವಿಗೆ ಹೊಸೆಯುವ ಉದ್ದನೆಯ ಮಣೆ. ಮದುವೆಯಾಗುವುದಕ್ಕೇ ‘ಹಸೆಮಣೆ ಏರುವುದು’ ಎನ್ನುತ್ತೇವೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕೆಲಸ, ಆ ಕೆಲಸಕ್ಕೆ ತಕ್ಕ ಎತ್ತರ, ಆ ಎತ್ತರಕ್ಕೆ ತಕ್ಕ ಕಾಲು. ನಮ್ಮಜ್ಜಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದ ಮಣೆಯ ಒಂದು ಅಂಚು ತುಸು ತಗ್ಗಾಗಿತ್ತು. ಸವೆದು ಆದದ್ದಲ್ಲ, ಮುಂದಕ್ಕೆ ಬಾಗಿ ಕೆಲಸ ಮಾಡುವವಳಿಗೆ ಸೊಂಟ ಹಿಡಿಯಬಾರದೆಂದು ಬಡಿಗೇರನು ಹಾಗೆಯೇ ಕೆತ್ತಿದ್ದನು. ಆ ಮಣೆ ಇನ್ನೊಬ್ಬರ ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನಾನು ವಿಶಿಷ್ಟವೆನ್ನುವುದು ಅದನ್ನು.

ಆದರೆ ಹಳೆಯದೆಲ್ಲ ಹೊನ್ನೆಂದು ಹೇಳುವ ಮುದುಕನೆಂದು ನನ್ನನ್ನು ತಿಳಿಯಬೇಡಿ. ಮಣೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಅಳಿಯನಿಗೆ ಮಣೆ, ಬಡಿಸುವ ಹೆಂಗಸಿಗೆ ನೆಲ. ಗೌಡನಿಗೆ ಗಾದಿ, ಹೊಲದಲ್ಲಿ ದುಡಿದು ಬಂದವನಿಗೆ ಅಂಗಳದ ಮಣ್ಣು. ಮಣೆಯನ್ನು ಮಾಡಿದ ಬಡಿಗೇರನನ್ನೇ ಅದರ ಮೇಲೆ ಕೂಡಿಸಿದ ಮನೆಗಳು ಎಷ್ಟಿದ್ದವು? ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತು, ಕೊಟ್ಟಷ್ಟು ಜೋಳವನ್ನು ಆಯವೆಂದು ಹೊತ್ತೊಯ್ಯಬೇಕಾಗಿದ್ದ ಆ ವ್ಯವಸ್ಥೆ ಮರಳಿ ಬರಬೇಕೆಂದು ನಾನು ಬಯಸುವುದಿಲ್ಲ. ಅಷ್ಟೇ ಅಲ್ಲ, ನನ್ನ ಮೊಣಕಾಲುಗಳೂ ಈಗ ಮೂರಿಂಚಿನ ಮಣೆಯಿಂದ ಏಳಲಾರವು. ನಮಗೆ ಸೋಫಾ ಬೇಕು, ಅದರ ಪಕ್ಕಕ್ಕೆ ಮೇಜು ಬೇಕು, ಕಾಲಿಗೆ ಪೀಠವೂ ಬೇಕು. ಆದಕಾರಣ, ಹಳೆಯ ಮಣೆಗೆ ಮೆರುಗೆಣ್ಣೆ ಬಳಿದು ಗೋಡೆಗೆ ತೂಗುಹಾಕಿ ‘ನಮ್ಮ ಸಂಸ್ಕೃತಿ’ ಎಂದು ಬೀಗುವವರ ಮೇಲೂ ನನಗೆ ಸಿಟ್ಟಿದೆ. ಕೂರಲೆಂದು ಹುಟ್ಟಿದ ವಸ್ತುವನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು ಯಾವ ಗೌರವ? ಮಣೆಯಿಂದ ಕಲಿಯಬೇಕಾದದ್ದು ಅದರ ರೂಪವನ್ನಲ್ಲ, ಅದು ಹುಟ್ಟಿದ ಬಗೆಯನ್ನು.

ಈ ಮಾತನ್ನು ನಮ್ಮ ದೇಶಕ್ಕೆ ಹೊರಗಿನವರಿಬ್ಬರು ಬಹಳ ಹಿಂದೆಯೇ ಹೇಳಿದ್ದರು. ಅಮೆರಿಕದ ಪ್ರಸಿದ್ಧ ಪೀಠೋಪಕರಣ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರದ ಕೋರಿಕೆಯ ಮೇರೆಗೆ ಇಲ್ಲಿ ಸಂಚರಿಸಿ, 1958ರಲ್ಲಿ ‘ಇಂಡಿಯಾ ರಿಪೋರ್ಟ್’ ಎಂಬ ವರದಿಯನ್ನು ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಆ ವರದಿಯೇ ಬುನಾದಿ. ಅದರಲ್ಲಿ ಅವರು ಬಹುವಾಗಿ ಮೆಚ್ಚಿ ಬರೆದದ್ದು ಅರಮನೆಯ ಸಿಂಹಾಸನವನ್ನಲ್ಲ, ನಮ್ಮ ನೀರಿನ ತಂಬಿಗೆಯನ್ನು. ಒಂದು ತಂಬಿಗೆಯನ್ನು ಹೊಸದಾಗಿ ರೂಪಿಸಬೇಕಾದರೆ ಎಷ್ಟು ಪ್ರಶ್ನೆಗಳನ್ನು ಕೇಳಬೇಕೆಂದು ಅವರು ಪಟ್ಟಿ ಮಾಡಿದರು: ಎಷ್ಟು ನೀರು, ಯಾರ ಕೈ, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಬೆಲೆ ಎಷ್ಟು, ಮುಂದೆ ಏನಾಗುತ್ತದೆ ಎಂದು.

ಈ ಪ್ರಶ್ನೆಗಳನ್ನು ನಿಮ್ಮ ಪಡಸಾಲೆಗೆ ಹಾಕಿ ನೋಡಿ. ಮೇಜು ಯಾರಿಗಾಗಿ? ಚಹಾದ ಕಪ್ಪನ್ನು ಇಡಲು ಕೈಚಾಚುವವರು ಎಡಗೈಯವರೋ ಬಲಗೈಯವರೋ? ಪಕ್ಕದ ಮೇಜು ಸೋಫಾದ ಕೈಯಷ್ಟೇ ಎತ್ತರ ಅಥವಾ ಒಂದೆರಡು ಇಂಚು ತಗ್ಗಾಗಿರಬೇಕು. ಬಹಳ ಸೋಫಾಗಳಿಗೆ ಅದು ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು ಇಂಚು. ಕಾಲಿನ ಪೀಠ ಆಸನದ ಮಟ್ಟಕ್ಕೆ ಸಮವಾಗಿ ಇಲ್ಲವೇ ತುಸು ತಗ್ಗಾಗಿರಬೇಕು. ಅಜ್ಜಿ ಅದನ್ನು ಒಂದೇ ಕೈಯಲ್ಲಿ ಸರಿಸಬಲ್ಲಳೇ? ಓಡಾಡುವ ಮಗುವಿನ ಹಣೆಗೆ ಅದರ ಅಂಚು ತಾಗುತ್ತದೆಯೇ? ಗಾಜು ಮುಚ್ಚಿದ ಮೇಜನ್ನು ಚೂಪು ಮೂಲೆಗಳೊಂದಿಗೆ ತಂದಿಟ್ಟು, ಆಮೇಲೆ ಮೂಲೆಗಳಿಗೆ ರಬ್ಬರು ಅಂಟಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಆ ರಬ್ಬರಿನ ತುಂಡು ವಿನ್ಯಾಸಕಾರನು ಕೇಳಲು ಮರೆತ ಪ್ರಶ್ನೆ.

ಇನ್ನೊಂದು ಪ್ರಶ್ನೆಯನ್ನು ವಿದೇಶಿ ಪುಸ್ತಕಗಳು ಕೇಳುವುದಿಲ್ಲ, ನಾವೇ ಕೇಳಬೇಕು. ಪಾದದ ಕೆಳಗೆ ಏನಿರಬೇಕು? ‘ಎಥ್ನಿಕ್’ ಎಂಬ ಹೆಸರಿನಲ್ಲಿ ಗೋಪುರದ ಚಿತ್ರ, ದೇವನಾಗರಿಯ ಅಕ್ಷರಗಳು ಅಚ್ಚಾದ ಕಾಲುಪೀಠವನ್ನು ಒಂದು ಮನೆಯಲ್ಲಿ ಕಂಡೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನನಗೆ ಅದರ ಮೇಲೆ ಕಾಲಿಡಲಾಗಲಿಲ್ಲ. ಕಸೂತಿಯ ಗೋಪುರ, ತೇರುಗಳು ಸೀರೆಯ ಸೆರಗಿನಲ್ಲಿರಲಿ. ಕಾಲಿಗೆ ಕೌದಿಯಿದೆ. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲುಹೊಲಿಗೆ ಹಾಕಿ ನಮ್ಮ ಹೆಣ್ಣುಮಕ್ಕಳು ಹೊಲಿಯುವ ಕೌದಿ ಮೆತ್ತಗೆ, ಬೆಚ್ಚಗೆ, ಒಗೆಯಲು ಬರುವಂಥದು. ಒಂದು ಕೌದಿಯಂತೆ ಇನ್ನೊಂದಿರುವುದಿಲ್ಲ, ಏಕೆಂದರೆ ಒಬ್ಬರ ಮನೆಯ ಹಳೆಯ ಸೀರೆಗಳು ಇನ್ನೊಬ್ಬರ ಮನೆಯಲ್ಲಿರುವುದಿಲ್ಲ.

ಮರದ ಮಾತಿಗೆ ಬರೋಣ. “ಸಾಗವಾನಿ ಕೊಳ್ಳಲು ನಮ್ಮಿಂದಾಗದು ಸರ್” ಎಂದು ನೀವು ಹೇಳುವುದು ನನಗೆ ಕೇಳಿಸುತ್ತದೆ. ಸಾಗವಾನಿ ಯಾರು ಕೇಳಿದರು? ಈ ಬಯಲುಸೀಮೆಯ ಮರ ಜಾಲಿ ಮತ್ತು ಬೇವು. ಬಂಡಿಯ ಗಾಲಿ, ಕುಂಟೆ, ಕೂರಿಗೆಗಳ ಭಾರವನ್ನು ಹೊತ್ತದ್ದು ಜಾಲಿ. ಕಡಿದ ಜಾಲಿಯನ್ನು ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ ಆಮೇಲೆ ಬಾಚಿ ಹಚ್ಚುತ್ತಿದ್ದರು, ಹುಳು ಹಿಡಿಯಬಾರದೆಂದು. ಇನ್ನು ಬಳ್ಳಾರಿ ಜಾಲಿ. ಕೆರೆಯಂಗಳ, ಹಳ್ಳದ ದಂಡೆ, ಬೀಳುಹೊಲಗಳನ್ನೆಲ್ಲ ನುಂಗಿರುವ ಈ ಪರದೇಶಿ ಮುಳ್ಳನ್ನು ನಾವು ಕಡಿದು ಇದ್ದಿಲು ಮಾಡುತ್ತೇವೆ. ಅದರ ಕಾಂಡ ಡೊಂಕು, ಉದ್ದ ಹಲಗೆ ಬಾರದು ಎಂಬುದು ನಿಜ. ಆದರೆ ಗಟ್ಟಿಯಾದ, ಒಣಗುವಾಗ ಬಹಳ ಕುಗ್ಗದ ಮರವದು. ಒಂದೂವರೆ ಅಡಿಯ ಮುಕ್ಕಾಲಿಗೆ ಉದ್ದ ಹಲಗೆ ಏಕೆ ಬೇಕು? ಸಣ್ಣ ಪೀಠ, ಸಣ್ಣ ಮೇಜುಗಳಿಗೆ ತುಂಡುಮರವೇ ಸಾಕು.

ಮೇಲ್ಭಾಗಕ್ಕೆ ಅಮೃತಶಿಲೆಯ ಚಿತ್ರವಿರುವ ಕಾಗದವೇ ಬೇಕೆ? ನಮ್ಮ ಪಕ್ಕದ ಜಿಲ್ಲೆಯ ಶಹಾಬಾದ ಕಲ್ಲು ನಮ್ಮೆಲ್ಲರ ಮನೆಗಳ ನೆಲದಲ್ಲಿದೆ. ಅದರ ಒಂದು ತುಂಡನ್ನು ನಯಮಾಡಿಸಿ ಜಾಲಿಯ ಚೌಕಟ್ಟಿನಲ್ಲಿ ಕೂಡಿಸಿದರೆ ಬಿಸಿ ಲೋಟವಿಟ್ಟರೂ ಗುರುತು ಬೀಳದ ಮೇಜಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಅದು ಸುಣ್ಣದಕಲ್ಲು. ನಮ್ಮ ಇಂಡಿಯ ಲಿಂಬೆಹಣ್ಣಿನ ರಸವಾಗಲಿ, ಹುಣಸೆಯ ಸಾರಾಗಲಿ ಚೆಲ್ಲಿದರೆ ತಕ್ಷಣ ಒರೆಸಬೇಕು, ಇಲ್ಲವಾದರೆ ಹುಳಿ ಅದನ್ನು ತಿನ್ನುತ್ತದೆ. ವಿಜ್ಞಾನದ ತರಗತಿಯಲ್ಲಿ ಕಲಿತದ್ದು ನೆನಪಿದೆಯಷ್ಟೆ?

“ಬಡಿಗೇರರು ಹೇಳಿದ ದಿನಕ್ಕೆ ಬರುವುದಿಲ್ಲ, ಅಂಗಡಿಯದರಷ್ಟು ನಯವಾಗಿ ಮಾಡುವುದಿಲ್ಲ, ಬೆಲೆಯೂ ಹೆಚ್ಚು” ಎಂಬುದು ನಿಮ್ಮ ಮೂರು ಆಕ್ಷೇಪಗಳು. ಮೂರರಲ್ಲಿಯೂ ಸತ್ಯವಿದೆ. ಆದರೆ ವರ್ಷಕ್ಕೊಂದು ಚೌಕಟ್ಟಿನ ಕೆಲಸ ಸಿಗುವವನಿಗೆ ಕೈ ಪಳಗುವುದು ಹೇಗೆ? ಕೇಂದ್ರ ಸರಕಾರವು 2023ರ ಸಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಿಗರಿಗೆ ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಗಳವರೆಗೆ ಸಾಲ ಇವೆ. ಒಳ್ಳೆಯದೇ. ಉಪಕರಣವನ್ನು ಸರಕಾರ ಕೊಟ್ಟೀತು; ಕೆಲಸವನ್ನು ಕೊಡಬೇಕಾದವರು ನಾವು. ಬೆಲೆಯ ಮಾತೋ, ಅಂಗಡಿಯಲ್ಲಿ ಚೀಟಿಯ ಮೇಲಿನ ದರವನ್ನು ತುಟಿಪಿಟಕ್ಕೆನ್ನದೆ ಕೊಡುವ ನಾವು, ಬಡಿಗೇರನು ಕೂಲಿ ಹೇಳಿದ ಕೂಡಲೇ ಚೌಕಾಸಿಗೆ ಇಳಿಯುತ್ತೇವೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ. ಏಕೆಂದರೆ ಇಲ್ಲಿಂದ ಮುಂದಿನ ಆರೋಪಿ ನಾನೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ರೇಖಾಗಣಿತದ ಪಾಠ ನಡೆದಿತ್ತು. ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆ ಎಂದು ಬರೆಸುತ್ತಿದ್ದೆ. ಹಿಂದಿನ ಸಾಲಿನಿಂದ ಬಡಿಗೇರರ ಹುಡುಗನೊಬ್ಬ ಎದ್ದುನಿಂತು, “ಅದಕ್ಕರೀ ಸರ, ಮೂರ ಕಾಲಿನ ಮಣಿ ಎಲ್ಲಿ ಇಟ್ಟರೂ ಕುಣಿಯೂದಿಲ್ಲ. ನಾಕ ಕಾಲಿಂದು ಫರಸಿ ಮ್ಯಾಲ ಕುಣೀತೈತಿ” ಎಂದನು. ತರಗತಿ ಗೊಳ್ಳೆಂದು ನಕ್ಕಿತು. “ಇದು ಲೆಕ್ಕದ ತಾಸು, ಬಡಗಿತನದ್ದಲ್ಲ. ಕೂತ್ಕೋ” ಎಂದೆ ನಾನು.

ಅವನು ಹೇಳಿದ್ದು ಪೂರ್ತಿ ಸರಿಯಾಗಿತ್ತು. ನಾನು ಬರೆಸುತ್ತಿದ್ದ ಸಾಲಿನ ಅರ್ಥ ಆ ತರಗತಿಯಲ್ಲಿ ತಿಳಿದಿದ್ದದ್ದು ಅವನೊಬ್ಬನಿಗೇ. ನಾನಾದರೋ ಬಿ.ಎಡ್. ಪರೀಕ್ಷೆಯಲ್ಲಿ, 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯವರ ಮೂಲಶಿಕ್ಷಣ, ಕೈಕಸುಬಿನ ಮೂಲಕ ಕಲಿಕೆ ಎಂದೆಲ್ಲ ನಾಲ್ಕು ಪುಟ ಬರೆದು ಅಂಕ ಗಳಿಸಿ ಬಂದವನು. ಕಾಯಕಕ್ಕೆ ಹೆಸರಾದ ಮಡಿವಾಳ ಮಾಚಯ್ಯನವರ ಊರಿನವನು. ಶರಣರಲ್ಲಿ ಬಾಚಿಕಾಯಕದ ಬಸವಯ್ಯ ಎಂಬ ಬಡಗಿಯೂ ಇದ್ದನೆಂದು ಜಯಂತಿಯ ಭಾಷಣಗಳಲ್ಲಿ ಹೇಳುತ್ತಿದ್ದವನು. ಆ ಹುಡುಗ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟನು. ನಾನು ಮನೆಗೆ ಹೋಗಿ ಕರೆಯಲಿಲ್ಲ.

ಕೆಲವು ವರ್ಷಗಳ ನಂತರ ಅವನ ತಂದೆಯಿಂದ ನನ್ನ ಮಕ್ಕಳಿಗೆ ಓದುವ ಮೇಜನ್ನು ಮಾಡಿಸಿದೆ. ಹೇಳಿದ ಕೂಲಿಯಲ್ಲಿ ಐವತ್ತು ರೂಪಾಯಿ ಕಡಿಮೆ ಕೊಟ್ಟೆ. ಆತ ಏನೂ ಅನ್ನದೆ ಹಣವನ್ನು ಕಣ್ಣಿಗೊತ್ತಿಕೊಂಡು ಹೋದನು. ಆ ಮೇಜು ಇಂದಿಗೂ ಅಲುಗಾಡಿಲ್ಲ. ಇದನ್ನು ಬರೆಯುತ್ತಿರುವುದು ಅದರ ಮೇಲೆಯೇ. ಆತ ಈಗಿಲ್ಲ.

ಮಗ ತಂದ ಪೀಠ ಮೂಲೆ ಸೇರಿದ ಮೇಲೆ, ಈ ವರ್ಷದ ಜಾತ್ರೆಗೆ ಆ ಹುಡುಗ, ಈಗ ತಲೆ ನರೆತಿರುವ ಗೃಹಸ್ಥ, ಪುಣೆಯಿಂದ ಊರಿಗೆ ಬಂದಿದ್ದನು. ಅಲ್ಲಿ ಅವನ ಕೆಲಸ ಏನೆಂದು ಬಲ್ಲಿರಾ? ಪೆಟ್ಟಿಗೆಯಲ್ಲಿ ಬಂದ ಇಂಥವೇ ಹಲಗೆಗಳಿಗೆ ತಿರುಪು ಹಾಕಿ ಮನೆಮನೆಗೆ ಜೋಡಿಸಿಕೊಡುವುದು. ಉಳಿ ಬಾಚಿಗಳನ್ನು ಹಿಡಿಯದೆ ವರ್ಷಗಳಾದವೆಂದನು. ನನಗೊಂದು ಕಾಲ್ಮಣೆ ಮಾಡಿಕೊಡಬೇಕೆಂದು ಕೇಳಿದೆ. ಎತ್ತರ ಹದಿನಾರು ಇಂಚು ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಅವನು ಟೇಪನ್ನು ಕಿಸೆಯಿಂದ ತೆಗೆಯಲೇ ಇಲ್ಲ. “ನೀವು ಕುರ್ಚ್ಯಾಗ ಕುಂದರ್ರಿ ಸರ” ಎಂದು ಕೂಡಿಸಿ, ನನ್ನ ಹಿಮ್ಮಡಿಯ ಕೆಳಗೆ ಹಲಗೆಯ ತುಂಡುಗಳನ್ನು ಒಂದರ ಮೇಲೊಂದು ಇಡುತ್ತ ಹೋದನು. ಒಂದು ಹಂತದಲ್ಲಿ ಮೊಣಕಾಲಿನ ಬಿಗಿ ತಾನಾಗಿ ಸಡಿಲಿತು. ಆಗ ಅಳೆದನು. ಹದಿನಾಲ್ಕೂವರೆ ಇಂಚು.

ಹಿತ್ತಲಲ್ಲಿ ಬಿದ್ದಿದ್ದ ನಮ್ಮ ತಂದೆಯ ಕಾಲದ ಬಂಡಿಯ ಗಾಲಿಯಿಂದ ಜಾಲಿಯ ಮೂರು ಅರೆಕಾಲುಗಳನ್ನು ಬಿಡಿಸಿಕೊಂಡನು. ಹಳೆಯ ಬಾಗಿಲಿನ ಬೇವಿನ ಹಲಗೆ ಮೇಲ್ಭಾಗವಾಯಿತು. ತೂತು ಕೊರೆದು, ಕಾಲುಗಳನ್ನು ಹೊರಕ್ಕೆ ಚಾಚಿದಂತೆ ಕೂಡಿಸಿ ಬೆಣೆ ಹೊಡೆದನು. ನೇರ ಕಾಲುಗಳಿದ್ದರೆ ಮುಕ್ಕಾಲಿ ಅಂಚಿನ ಭಾರಕ್ಕೆ ಮಗುಚುತ್ತದೆಂದು ವಿವರಿಸಿದನು. ಒಂದು ಮೊಳೆಯಿಲ್ಲ, ಒಂದು ತಿರುಪಿಲ್ಲ. ನಮ್ಮ ಮನೆಯವರು ಅದಕ್ಕೆ ಕೌದಿಯ ಮೆತ್ತೆಯನ್ನು ಹೊಲಿದರು. ಏರುತಗ್ಗಿನ ನಮ್ಮ ಶಹಾಬಾದ ಫರಸಿಯ ಮೇಲೆ ಅದು ಎಲ್ಲಿಟ್ಟರೂ ಕುಣಿಯಲಿಲ್ಲ. ಅವನು ನನ್ನ ಮುಖ ನೋಡಿ ನಕ್ಕನು. ಅವನಿಗೂ ಆ ದಿನದ ಪಾಠ ನೆನಪಿತ್ತು.

ಶಿಷ್ಯನ ಕೈಯಾರೆ ಆದದ್ದರ ಮೇಲೆ ಕಾಲಿಡಲು ನಾನು ಹಿಂಜರಿದೆ. “ಕಾಲಿಡಾಕಂತನ ಮಾಡೀನ್ರಿ ಸರ, ಇಡ್ರಿ” ಎಂದನು. ಹಣ ಬೇಡವೆಂದನು. ಪುಣೆಯಲ್ಲಿ ಎರಡು ದಿನಕ್ಕೆ ಎಷ್ಟು ಕೂಲಿ ಎಂದು ಕೇಳಿ ಅಷ್ಟನ್ನೂ ಕೊಟ್ಟೆ. ಅದರ ಮೇಲೆ ಐವತ್ತು ರೂಪಾಯಿಯ ಒಂದು ನೋಟನ್ನು ಬೇರೆಯಾಗಿ ಇಟ್ಟು, ಇದು ನಿಮ್ಮ ತಂದೆಯದು ಎಂದೆ. ಆ ಸಾಲಕ್ಕೆ ಇಷ್ಟು ವರ್ಷಗಳ ಬಡ್ಡಿ ಎಷ್ಟೆಂದು ಲೆಕ್ಕ ಹಾಕಲು ನನಗೆ ಬರುತ್ತದೆ. ಹಾಕುವ ಧೈರ್ಯವಾಗಲಿಲ್ಲ.

ಮಕ್ಕಳೇ, ನಿಮ್ಮ ಪಡಸಾಲೆಯಲ್ಲಿರುವುದನ್ನೆಲ್ಲ ಹೊರಗೆ ಹಾಕಿರೆಂದು ನಾನು ಹೇಳುತ್ತಿಲ್ಲ. ಇರುವುದು ಮುರಿಯುವವರೆಗೆ ಇರಲಿ. ಅದು ಬಹಳ ದಿನವೇನೂ ಆಗುವುದಿಲ್ಲ. ಅದು ಮುರಿದ ದಿನ ಮೊಬೈಲನ್ನು ತೆರೆಯುವ ಮುಂಚೆ ನಿಮ್ಮ ಓಣಿಯ, ನಿಮ್ಮ ಊರಿನ ಬಡಿಗೇರನೊಬ್ಬನನ್ನು ಕರೆಯಿರಿ. ಮೊದಲು ಅವನಿಗೆ ಕುರ್ಚಿ ಕೊಡಿ, ಚಹಾ ಕೊಡಿ. ಯಾರ ಕಾಲಿಗೆ, ಯಾರ ಕೈಗೆ ಬೇಕೆಂದು ಹೇಳಿ. ಅವನು ಹೇಳಿದ ಕೂಲಿಯನ್ನು ಕೊಡಿ. ಆಗ ನಿಮ್ಮ ಮನೆಗೆ ಬರುವ ವಸ್ತು ಇನ್ನಾರ ಮನೆಯಲ್ಲಿಯೂ ಇರುವುದಿಲ್ಲ.

ಮುಂದಿನ ಜಾತ್ರೆಗೆ ಊರಿಗೆ ಬಂದವರು ನಮ್ಮ ಮನೆಗೆ ಬನ್ನಿ. ಆ ಮುಕ್ಕಾಲಿಯನ್ನು ತೋರಿಸುತ್ತೇನೆ. ಬೇಕಾದವರು ಅಳತೆಯನ್ನು ತೆಗೆದುಕೊಳ್ಳಬಹುದು, ಆದರೆ ಅದು ನಿಮಗೆ ಉಪಯೋಗಕ್ಕೆ ಬಾರದು. ಅದು ನನ್ನ ಮೊಣಕಾಲಿನ ಅಳತೆ.